ಖಾತೆ ಸಂಖ್ಯೆ ಇರುವ ಎಕ್ಸ್‌ಎಂಎಲ್ ಫೈಲನ್ನು ಆನ್‌ಲೈನ್ ಕನ್ವರ್ಟರ್‌ಗೆ ಹಾಕಬೇಡಿ

ಇಳಕಲ್‌ನ ಒಂದು ಸೀರೆ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಹಳೆ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋದೆವು. ಹೊಸದನ್ನು ಹಾಕಿಕೊಟ್ಟವರು ನಮ್ಮ ಎಕ್ಸ್‌ಎಂಎಲ್ ಫೈಲನ್ನು (ಟ್ಯಾಗ್ ಎಂಬ ಗುರುತುಗಳ ನಡುವೆ ಮಾಹಿತಿ ಬರೆದಿಡುವ ಫೈಲು) ಯಾವುದೋ ಉಚಿತ ಆನ್‌ಲೈನ್ ಕನ್ವರ್ಟರ್‌ಗೆ ಕೊಟ್ಟು ಎಕ್ಸೆಲ್ ಮಾಡಿದರು. ಅಲ್ಲಿಂದ ಮತ್ತೆ ಎಕ್ಸ್‌ಎಂಎಲ್ ಮಾಡಿ ಹೊಸದಕ್ಕೆ ತುಂಬಿದರು. ಹಸಿರು ಟಿಕ್ ಬಂತು, ಒಂದೂ ಎರರ್ ಇಲ್ಲ.

ವಾರದ ಮಜೂರಿ ಹಾಕಿದಾಗ ಹಲವು ನೇಕಾರರ ದುಡ್ಡು ವಾಪಸ್ ಬಂತು. ಹಳೆ ಫೈಲು, ಹೊಸ ಫೈಲು ಪಕ್ಕಪಕ್ಕ ಇಟ್ಟು ನೋಡಿದೆ. 16 ಅಂಕಿಯ ಖಾತೆ ಸಂಖ್ಯೆಗಳೆಲ್ಲ ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳಲ್ಲಿ ಆ ಸೊನ್ನೆಯೇ ಮಾಯ. ಎಕ್ಸ್‌ಎಂಎಲ್‌ನಲ್ಲಿ ಖಾತೆ ಸಂಖ್ಯೆ ಬರೀ ಅಕ್ಷರಗಳ ಸಾಲು. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂತ ಹಿಡಿದರೆ 15 ಅಂಕಿ ಮಾತ್ರ ಉಳಿಸಿಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತದೆ. ಎನ್‌ಇಎಫ್‌ಟಿಯಲ್ಲಿ ದುಡ್ಡು ಜಮೆ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ವಾಪಸ್ ಬಂದದ್ದೇ ಪುಣ್ಯ. ಆ ತಪ್ಪು ಸಂಖ್ಯೆ ಬೇರೆ ಯಾರದ್ದೋ ಖಾತೆ ಆಗಿದ್ದರೆ? ಮಜೂರಿ ನಂಬಿಕೊಂಡು ಸಂತೆಗೆ ಹೊರಡುವ ಮನೆಗಳಿವು.

ಸ್ಟಾಕ್ ಪಟ್ಟಿಯಲ್ಲಿ ಗೋಮಿ ದಡಿ, ಗಾಡಿ ದಡಿ ಅಂತ ಸೀರೆ ಅಂಚಿನ ಹೆಸರು ಕನ್ನಡದಲ್ಲಿ ಬರೆದದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿತ್ತು. ವಿಚಿತ್ರ ಅಕ್ಷರ ಕಂಡರೆ ಅಕ್ಷರಗಳ ಎನ್‌ಕೋಡಿಂಗ್ (ಕಂಪ್ಯೂಟರ್ ಅಕ್ಷರ ಉಳಿಸುವ ಸಂಕೇತ ಪದ್ಧತಿ) ಯುಟಿಎಫ್-8 ಅಂತ ಆರಿಸಿ ಮತ್ತೆ ತೆರೆದು ನೋಡಬಹುದು, ಎಷ್ಟೋ ಸಲ ಸರಿಹೋಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಸೇವ್ ಆಗಿಬಿಟ್ಟರೆ ಮೂಲ ಅಕ್ಷರ ಹೋಯಿತು ಅಂತಲೇ ಅರ್ಥ. ಹಳೆ ಫೈಲು ಪೆನ್‌ಡ್ರೈವ್‌ನಲ್ಲಿ ಇದ್ದದ್ದಕ್ಕೆ ಬಚಾವಾದೆವು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಅಷ್ಟೂ ನೇಕಾರರ ಹೆಸರು, ಫೋನ್ ನಂಬರ್, ಖಾತೆ ವಿವರ ಯಾರದ್ದೋ ಸರ್ವರ್‌ಗೆ ಹೋಗಿ ಕೂತಿದೆ. ಅವರನ್ನು ಒಂದು ಮಾತು ಕೇಳಿದವರಿಲ್ಲ. ಅದನ್ನು ಇನ್ನು ವಾಪಸ್ ತರಲು ಆಗುತ್ತಾ?

ನಿಮ್ಮ ಕಂಪ್ಯೂಟರ್‌ನಲ್ಲೇ ಓಡುವ ಟೂಲ್ ಬಳಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಸಿಕ್ಕರೆ ಸಣ್ಣ ಸ್ಕ್ರಿಪ್ಟ್ ಸಾಕು, ನಡುವೆ ಎಕ್ಸೆಲ್ ಬೇಕಾಗುವುದೇ ಇಲ್ಲ. ಎಕ್ಸ್‌ಎಂಎಲ್‌ಲಿಂಟ್ ಎಂಬ ಫೈಲ್ ಪರೀಕ್ಷಿಸುವ ಟೂಲ್‌ನಲ್ಲಿ ಪಾಸಾಯಿತು ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಟ್ಯಾಗ್‌ಗಳು ಸರಿಯಾಗಿ ಮುಚ್ಚಿವೆಯಾ ಅಂತ ಅದು ಹೇಳುತ್ತದೆ, ಒಳಗಿನ ಅಂಕಿ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಎಕ್ಸೆಲ್ ಬೇಕೇ ಬೇಕು ಅಂದರೆ ಇಂಪೋರ್ಟ್ ಮಾಡುವಾಗಲೇ ಖಾತೆ ಸಂಖ್ಯೆಯ ಕಾಲಮ್ಮನ್ನು ಟೆಕ್ಸ್ಟ್ ಮಾಡಿ. ತುಂಬಿದ ಮೇಲೆ ಮಾಡಿದರೆ ಹೋದ ಅಂಕಿ ಬರುವುದಿಲ್ಲ. ಆಮೇಲೆ ಕೆಲವು ಸಂಖ್ಯೆಗಳನ್ನಾದರೂ ಪಾಸ್‌ಬುಕ್ ಜೊತೆ ತಾಳೆ ನೋಡಿ, ಆನಂತರವೇ ಮಜೂರಿ ಹಾಕಿ.