ಹಳೇ ಗಾಡಿಯ ಪೆಟ್ರೋಲ್ ಟ್ಯಾಂಕ್‌ನ ಉಸಿರು ಕಟ್ಟಿಸಬೇಡಿ

ಉಪ್ಪಿನಂಗಡಿ ದಾಟಿ ಸ್ವಲ್ಪ ಮುಂದೆ ಒಂದು ಲಾರಿಯನ್ನು ಓವರ್‌ಟೇಕ್ ಮಾಡುತ್ತಿದ್ದೆ. ಲಾರಿಯ ಪಕ್ಕದಲ್ಲಿದ್ದಾಗಲೇ ಗಾಡಿಯ ಪಿಕಪ್ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಸ್ಪೀಡ್ ಇಳಿಯುತ್ತಲೇ ಇದೆ. ಎದುರಿಗೆ ಬಸ್ಸು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಲಾರಿ ಡ್ರೈವರ್ ಬ್ರೇಕ್ ಹಾಕಿ ಜಾಗ ಬಿಟ್ಟುಕೊಟ್ಟರು. ಅವರು ಬಿಡದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. 106 ಎಚ್‌ಪಿ. ಆ ಕಾಲಕ್ಕೆ ನಮ್ಮಲ್ಲಿ ಸಿಗುತ್ತಿದ್ದ ಜೋರಿನ ಗಾಡಿಗಳಲ್ಲಿ ಒಂದು. ಇದನ್ನು ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ತುಂಬಾ ಜನ ಇದ್ದೀರಿ. ಅವತ್ತು ಆಗಿದ್ದರಲ್ಲಿ ಗಾಡಿಯ ತಪ್ಪೇನೂ ಇಲ್ಲ. ಮಾಡಿಸಿದ ರಿಪೇರಿಯೇ ತಪ್ಪು.

ಅದಕ್ಕೆ ಎರಡು ತಿಂಗಳ ಮುಂಚೆ ಗಾಡಿಯ ಹಿಂಭಾಗದಲ್ಲಿ ಪೆಟ್ರೋಲ್ ವಾಸನೆ ಬರುತ್ತಿತ್ತು. ಬೆಂಗಳೂರಿನ ಒಂದು ಗ್ಯಾರೇಜ್‌ನವರು ನೋಡಿದರು. ಟ್ಯಾಂಕ್‌ನಿಂದ ಕ್ಯಾನಿಸ್ಟರ್‌ಗೆ, ಅಂದರೆ ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬಿಗೆ, ಆವಿ ಹೋಗುವ ರಬ್ಬರ್ ಪೈಪ್ ಸೀಳಿತ್ತು. "ಇದು ಬರೀ ಪೊಲ್ಯೂಷನ್‌ಗೆ ಇರೋದು ಸಾರ್, ಬ್ಲಾಕ್ ಮಾಡಿಬಿಡ್ತೀನಿ" ಅಂದರು. ಸೀಳಿದ ಜಾಗ ಕತ್ತರಿಸಿ, ಟ್ಯಾಂಕ್ ಕಡೆಯ ತುದಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದರು. ಮುಚ್ಚಳದ ವಾಷರ್ ಹೋಗಿದೆ ಅಂತ ಒಂದು ಡೂಪ್ಲಿಕೇಟ್ ಮುಚ್ಚಳವನ್ನೂ ಹಾಕಿದರು. ವಾಸನೆ ನಿಂತಿತು. ನಾನು ದುಡ್ಡು ಕೊಟ್ಟು ಬಂದೆ.

ಟ್ಯಾಂಕ್ ಅಂದರೆ ಮುಚ್ಚಿಟ್ಟ ಡಬ್ಬ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಪಂಪ್ ಪೆಟ್ರೋಲ್ ಎಳೆದುಕೊಂಡಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬಿಸಿಲಿಗೆ ಆವಿ ಜಾಸ್ತಿಯಾದರೆ ಹೊರಗೆ ಹೋಗಬೇಕು. ಎರಡಕ್ಕೂ ಇರುವುದು ಆ ಸಣ್ಣ ಪೈಪ್. ಅದರ ಇನ್ನೊಂದು ತುದಿಯಲ್ಲಿರುವ ಕ್ಯಾನಿಸ್ಟರ್‌ನೊಳಗೆ ಇದ್ದಿಲು ಇರುತ್ತದೆ. ಅದು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಪೈಪ್ ಕಟ್ಟಿಕೊಂಡರೂ ಗಾಳಿ ಒಳಗೆ ಬರಲಿ ಅಂತ ಒಳ್ಳೆ ಮುಚ್ಚಳದಲ್ಲಿ ಚಿಕ್ಕದೊಂದು ವಾಲ್ವ್ ಇರುತ್ತದೆ. ನನ್ನ ಡೂಪ್ಲಿಕೇಟ್ ಮುಚ್ಚಳದಲ್ಲಿ ಅದೂ ಇರಲಿಲ್ಲ.

ಊರೊಳಗಿನ ಓಡಾಟದಲ್ಲಿ ಇದು ಗೊತ್ತೇ ಆಗಲಿಲ್ಲ. ಮಂಗಳೂರಿನ ಮದುವೆಗೆ ಹೊರಟ ದಿನ ಗೊತ್ತಾಯಿತು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಶಿರಾಡಿ ಘಾಟಿ ಇಳಿದು ಕರಾವಳಿ ಹತ್ತಿರ ಬಂದರೆ ಹೊರಗಿನ ಗಾಳಿಯ ಒತ್ತಡ ಹತ್ತಿರಹತ್ತಿರ 10 ಪರ್ಸೆಂಟ್ ಏರುತ್ತದೆ. ಒಳಗೆ ಗಂಟೆಗಟ್ಟಲೆ ಪೆಟ್ರೋಲ್ ಖಾಲಿಯಾಗಿದೆ, ಗಾಳಿ ಬಂದಿಲ್ಲ. ಪಂಪ್‌ಗೆ ಎಳೆಯಲು ಆಗಲಿಲ್ಲ.

ಗಾಡಿ ಪಕ್ಕಕ್ಕೆ ಹಾಕಿದೆ. ಹಿಂದಿನ ಸೀಟಿನ ಕೆಳಗಿಂದ ಪಂಪ್ ಕುಯ್ಯೋ ಅನ್ನುತ್ತಿತ್ತು. ಪೆಟ್ರೋಲ್ ಮುಚ್ಚಳ ತಿರುಗಿಸಲು ಹೋದರೆ ಅಂಟಿಸಿಟ್ಟ ಹಾಗೆ ಬಿಗಿ. ಬಟ್ಟೆ ಹಿಡಿದು ತಿರುಗಿಸಿದೆ. ಸ್ಸ್ಸ್ ಅಂತ ಗಾಳಿ ಒಳಕ್ಕೆ ನುಗ್ಗಲು ಶುರುವಾಯಿತು, ನಿಲ್ಲುವುದೇ ಇಲ್ಲ. ಕೊನೆಗೆ ಕೆಳಗಡೆ ಡಬ್ ಅಂತ ಸದ್ದು. ಒಳಕ್ಕೆ ಕುಗ್ಗಿದ್ದ ಟ್ಯಾಂಕ್‌ನ ತಗಡು ಮತ್ತೆ ಹೊರಕ್ಕೆ ಬಂದಿತ್ತು. ಕೀ ತಿರುಗಿಸಿದೆ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್.

ಅಲ್ಲಿಂದ ಮಂಗಳೂರಿನವರೆಗೆ ಅಲ್ಲಲ್ಲಿ ನಿಲ್ಲಿಸಿ ಮುಚ್ಚಳ ತೆಗೆಯುತ್ತಾ ಹೋದೆ. ಮಾರನೇ ದಿನ ಬೆಳಿಗ್ಗೆ ಬಂಕ್‌ನಲ್ಲಿ ಫುಲ್ ಟ್ಯಾಂಕ್ ಹಾಕಿಸಿದೆ. ನಾಜಲ್ ಟಕ್ ಅಂತ ನಿಂತ ಮೇಲೂ ರೌಂಡ್ ಫಿಗರ್ ಮಾಡಿಸಿದೆ. ಇದು ಎರಡನೇ ತಪ್ಪು, ಇದು ಪೂರ್ತಿ ನನ್ನದೇ. ಮುಚ್ಚಳ ಬಿಗಿದು ಮದುವೆ ಹಾಲ್ ಪಕ್ಕ ಬಿಸಿಲಲ್ಲಿ ನಿಲ್ಲಿಸಿದೆ. 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರ್‌ಗೂ ಜಾಸ್ತಿ ಹಿಗ್ಗುತ್ತದೆ. ಜೊತೆಗೆ ಆವಿಯ ಒತ್ತಡ ಬೇರೆ. ಹೋಗಲು ದಾರಿ ಎಲ್ಲಿದೆ?

ಊಟದ ಹೊತ್ತಿಗೆ ಅಡುಗೆಯವರೊಬ್ಬರು ಒಳಗೆ ಓಡಿ ಬಂದರು. "ಆ ಹಳೇ ಸಿಟಿ ಯಾರದ್ದು ಮಾರ್ರೆ? ಪೆಟ್ರೋಲ್ ಬೀಳ್ತಾ ಉಂಟು!"

ಹಿಂದಿನ ಚಕ್ರದ ಹತ್ತಿರ ನೆಲ ಒದ್ದೆಯಾಗಿತ್ತು. ಇಪ್ಪತ್ತು ಹೆಜ್ಜೆ ಆಚೆ ಅಡುಗೆ ಒಲೆ ಉರಿಯುತ್ತಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದುಕೊಂಡು ಹೋಗುತ್ತದೆ. ಗಾಳಿಯಲ್ಲಿ 1.4 ಪರ್ಸೆಂಟ್ ಇದ್ದರೂ ಸಾಕು, ಹೊತ್ತಿಕೊಳ್ಳುತ್ತದೆ. ಅವರು ಮೊದಲು ಒಲೆ ಆರಿಸಿ ಆಮೇಲೆ ನನ್ನನ್ನು ಹುಡುಕಿದ್ದರು. ಆ ಪುಣ್ಯಾತ್ಮರಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಒಡೆದದ್ದು ಬ್ರೀದರ್ ಪೈಪ್. ಪೆಟ್ರೋಲ್ ತುಂಬುವ ದಪ್ಪ ಪೈಪ್‌ನ ಪಕ್ಕದಲ್ಲೇ ಬೆರಳು ದಪ್ಪದ ಇನ್ನೊಂದು ಪೈಪ್ ಹೋಗುತ್ತದಲ್ಲ, ಅದು. ತುಂಬಿಸುವಾಗ ಟ್ಯಾಂಕ್‌ನೊಳಗಿನ ಗಾಳಿ ಅದರಲ್ಲಿ ಮೇಲೆ ಬರುತ್ತದೆ. ಬಿಚ್ಚಿ ಕೈಗೆ ತೆಗೆದುಕೊಂಡರೆ ರಬ್ಬರ್ ಅನ್ನುವ ಹಾಗೇ ಇರಲಿಲ್ಲ. ಒಣಗಿದ ನುಗ್ಗೆಕಾಯಿ ಥರ ಗಟ್ಟಿ. ಸ್ವಲ್ಪ ಬಗ್ಗಿಸಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಾಯಿ ಬಿಡುತ್ತಿತ್ತು. ಹಿಂದಿನ ದಿನ ಎಳೆತ, ಮಾರನೇ ದಿನ ಒತ್ತಡ. ಇಪ್ಪತ್ತು ವರ್ಷ ದಾಟಿದ ರಬ್ಬರ್ ಎಷ್ಟು ತಡೆದೀತು?

ಬೋಲ್ಟ್ ತೆಗೆಸಿ, ವಾಪಸ್ ಬಂದ ಮೇಲೆ ಎಲ್ಲ ಪೈಪ್‌ಗಳನ್ನೂ ಬದಲಾಯಿಸಿದೆ. ಇದರಲ್ಲೂ ಹುಷಾರು. ಜೆಸಿ ರೋಡ್‌ನ ಒಂದು ಅಂಗಡಿಯಲ್ಲಿ "ಪೆಟ್ರೋಲ್‌ಗೂ ಆಗುತ್ತೆ" ಅಂತ ಕೊಟ್ಟ ಕಪ್ಪು ಪೈಪ್‌ನ ಒಂದು ತುಂಡನ್ನು ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ ಮನೆಯ ಹೊರಗೆ ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಉಬ್ಬಿ ಮೆತ್ತಗಾಗಿತ್ತು. ಅದು ರೇಡಿಯೇಟರ್ ನೀರಿನ ಪೈಪ್. ಪೈಪ್‌ನ ಮೈಮೇಲೆ ಎಸ್‌ಎಇ ಜೆ30 ಅಂತ ಪ್ರಿಂಟ್ ಇದೆಯಾ ನೋಡಿ. ಅದು ಪೆಟ್ರೋಲ್ ಪೈಪ್‌ಗಳ ಸ್ಟ್ಯಾಂಡರ್ಡ್, ಆರ್7, ಆರ್9 ಅನ್ನುವುದು ಅದರೊಳಗಿನ ದರ್ಜೆಗಳು. ಆವಿಯ ಲೈನ್‌ಗೆ ಆರ್7 ನಡೆಯುತ್ತದೆ. ಪಂಪ್‌ನಿಂದ ಇಂಜಿನ್‌ಗೆ ಪೆಟ್ರೋಲ್ ಹೋಗುವ ಇಂಜೆಕ್ಷನ್ ಲೈನ್‌ನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ, ಅಲ್ಲಿಗೆ ಆರ್9 ಬೇಕೇ ಬೇಕು. ನಾನು ಎಲ್ಲದಕ್ಕೂ ಆರ್9 ಹಾಕಿಸಿದೆ, ಅದರ ಒಳಪದರ ಎಥೆನಾಲ್ ತಡೆಯುತ್ತದೆ ಅಂತ. 20 ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2002ರ ರಬ್ಬರ್ ಮಾಡುವಾಗ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ತುಂಬುವ ದಪ್ಪ ಪೈಪ್ ಮತ್ತು ಮುಚ್ಚಳ ಮಾತ್ರ ಒರಿಜಿನಲ್ಲೇ ತನ್ನಿ.

ನಿಮ್ಮ ಗಾಡಿಯಲ್ಲಿ ಕ್ಯಾನಿಸ್ಟರ್ ಪೈಪ್ ಯಾರಾದರೂ ಬ್ಲಾಕ್ ಮಾಡಿದ್ದಾರಾ, ಈ ವಾರವೇ ನೋಡಿಸಿ. ಮುಚ್ಚಳ ತೆಗೆದಾಗ ಒಂದು ಕ್ಷಣ ಸ್ಸ್ ಅನ್ನುವುದು ಮಾಮೂಲಿ. ನಿಲ್ಲದೇ ಗಾಳಿ ಒಳಕ್ಕೆ ಎಳೆದುಕೊಂಡರೆ ಆ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಬೇಡಿ.