ಡೇವ್ಸ್ ರಿಡಿಸ್ಟ್ರಿಕ್ಟಿಂಗ್: ಅಂಕಕ್ಕೆ ಮರುಳಾಗಬೇಡಿ, ಕಡತ ಸರಿಯಾಗಿ ತೆಗೆಯಿರಿ

ಅಮೆರಿಕದ ಯಾವ ರಾಜ್ಯದ್ದೇ ಆಗಲಿ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಅಥವಾ ರಾಜ್ಯ ಶಾಸನಸಭೆ ಕ್ಷೇತ್ರಗಳ ಗಡಿಯನ್ನು ಸಾಮಾನ್ಯ ಮತದಾರನೂ ಕೂತಲ್ಲೇ ಬರೆದು ನೋಡುವಂತೆ ಮಾಡಿದ ಸಾಧನ ಡೇವ್ಸ್ ರಿಡಿಸ್ಟ್ರಿಕ್ಟಿಂಗ್. ಬ್ರೌಸರಿನಲ್ಲೇ ಓಡುತ್ತದೆ, ಕಾಸು ಕೇಳುವುದಿಲ್ಲ. ನಕ್ಷೆ ಉಳಿಸಿಕೊಳ್ಳಲು ಮಾತ್ರ ಒಂದು ಖಾತೆ ತೆರೆಯಬೇಕು. ಡೇವ್ ಬ್ರಾಡ್ಲೀ ಎಂಬ ಸಾಫ್ಟ್‌ವೇರ್ ಪರಿಣತರು ಇದನ್ನು ಶುರು ಮಾಡಿದಾಗ ಅದು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಎಂಬ ಹಳೆಯ ತಂತ್ರಾಂಶದ ಮೇಲೆ ನಿಂತಿತ್ತು. ಈಗಿರುವುದು 2020ರ ಗಣತಿಯ ಹೊತ್ತಿಗೆ ಹೊಸದಾಗಿ ಕಟ್ಟಿದ ರೂಪ.

ತೀರ್ಪು ಮೊದಲೇ ಹೇಳಿಬಿಡೋಣ: ನಾಗರಿಕರ ಕೈಗೆ ಸಿಗುವ ಸಾಧನಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ತೆರೆಯ ಮೇಲೆ ಎದ್ದು ಕಾಣುವ ಐದು ಅಂಕಗಳ ಬಣ್ಣದ ಚಿತ್ರವಿದೆಯಲ್ಲ, ಗಡಿ ಬರೆಯುವವರು ಜನರ ಮಾತು ಕೇಳುವ ಅಹವಾಲು ಸಭೆಯಲ್ಲಿ ಅತಿ ಕಡಿಮೆ ಕೆಲಸಕ್ಕೆ ಬರುವುದೇ ಅದು.

ಮಿಷಿಗನ್ ಉದಾಹರಣೆ ಇಟ್ಟುಕೊಂಡರೆ ವಿಷಯ ಬೇಗ ಅರ್ಥವಾಗುತ್ತದೆ. ಅಲ್ಲಿ 2018ರಲ್ಲಿ ಸ್ವಯಂಸೇವಕರು ಬೀದಿ ಬೀದಿ ಸುತ್ತಿ 4 ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ, ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತರಿಸಿದರು. ಗಡಿ ಬರೆಯುವ ಪೆನ್ನು ಶಾಸಕರ ಕೈಯಿಂದ 13 ನಾಗರಿಕರ ಆಯೋಗಕ್ಕೆ ಹೋಯಿತು: ಎರಡೂ ಪಕ್ಷಗಳ ಕಡೆಯಿಂದ ನಾಲ್ವರಂತೆ ಎಂಟು ಜನ, ಯಾವ ಪಕ್ಷಕ್ಕೂ ಸೇರದ ಐವರು. ಏನೇನು ನೋಡಿ ಗಡಿ ಹಾಕಬೇಕು ಎಂಬ ಏಳು ಮಾನದಂಡಗಳನ್ನೂ ಆ ತಿದ್ದುಪಡಿಯಲ್ಲಿ ಆದ್ಯತೆಯ ಕ್ರಮದಲ್ಲೇ ಬರೆದಿಟ್ಟಿದ್ದಾರೆ. ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಸಾಧನವನ್ನು ಅಳೆಯಬೇಕು.

ಕೆಲಸ ಶುರು ಮಾಡುವಾಗ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಿರಿ. ಮೊದಲು ಕೌಂಟಿಗಳನ್ನು, ಅಂದರೆ ನಮ್ಮ ಜಿಲ್ಲೆಗಳಂಥವನ್ನು, ಇಡಿಯಾಗಿ ತುಂಬಿ. ಆಮೇಲೆ ಪ್ರೀಸಿಂಕ್ಟ್, ಅಂದರೆ ಒಂದೊಂದು ಮತಗಟ್ಟೆಯ ವ್ಯಾಪ್ತಿ. ಕೊನೆಗೆ ಮಾತ್ರ ಗಣತಿ ಬ್ಲಾಕ್, ಅಂದರೆ ಜನಗಣತಿಯ ಅತಿ ಚಿಕ್ಕ ತುಣುಕು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಬ್ಲಾಕುಗಳಿವೆ. ಮೊದಲೇ ಅಲ್ಲಿಗೆ ಕೈ ಹಾಕಿದರೆ ವಾರ ಕಳೆದರೂ ಒಂದು ಕ್ಷೇತ್ರ ಮುಗಿಯುವುದಿಲ್ಲ. ಒಂದು ಕ್ಷೇತ್ರ ಮುಗಿದ ಕೂಡಲೇ ಅದರ ಪಕ್ಕದ ಬೀಗದ ಗುರುತನ್ನು ಒತ್ತಿ. ಬೀಗ ಹಾಕದೆ ಪಕ್ಕದ ಕ್ಷೇತ್ರಕ್ಕೆ ಬಣ್ಣ ಬಳಿಯುವಾಗ ಕುಂಚ ಒಂದಿಷ್ಟು ಆಚೆ ಸರಿದರೂ ಸಾಕು, ಮುಗಿಸಿಟ್ಟ ಕ್ಷೇತ್ರದ ಎರಡು ಪ್ರೀಸಿಂಕ್ಟ್ ಸದ್ದಿಲ್ಲದೆ ಜಾರಿಹೋಗಿರುತ್ತವೆ. ಸಣ್ಣ ತೆರೆಯ ಫೋನಿನಲ್ಲಿ ಬ್ಲಾಕ್ ಮಟ್ಟದ ಕೆಲಸಕ್ಕೆ ಕೈಹಾಕದಿರುವುದೇ ವಾಸಿ.

ಎಲ್ಲ ಬಳಿದಾದ ಮೇಲೆ ನಾಲ್ಕು ಪರೀಕ್ಷೆ ನೋಡಬೇಕು: ಯಾವ ತುಣುಕೂ ಹೊರಗುಳಿದಿಲ್ಲವೇ, ಪ್ರತಿ ಕ್ಷೇತ್ರದ ಭಾಗಗಳೂ ಒಂದಕ್ಕೊಂದು ತಾಗಿಕೊಂಡಿವೆಯೇ, ಒಂದು ಕ್ಷೇತ್ರದ ಹೊಟ್ಟೆಯೊಳಗೆ ಇನ್ನೊಂದು ಕೂತಿಲ್ಲವೇ, ಜನಸಂಖ್ಯೆ ಸಮವೇ. ಹೊಸಬರು ಎಡವುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ. ಜನವೇ ಇಲ್ಲದ ಬ್ಲಾಕುಗಳು, ಕೆರೆ, ಹೆದ್ದಾರಿಯ ನಡುವಿನ ಪಟ್ಟಿ ಇಂಥವು ಕಣ್ಣಿಗೆ ಬೀಳದೆ ಉಳಿದುಬಿಡುತ್ತವೆ. ಬಿಟ್ಟುಹೋದ ತುಣುಕನ್ನು ಹುಡುಕಿ ತೋರಿಸುವ ಸೌಲಭ್ಯ ಇದರಲ್ಲೇ ಇದೆ. ಕಣ್ಣಿನಿಂದ ಹುಡುಕುವ ಸಾಹಸ ಬೇಡ.

ಜನಸಂಖ್ಯೆಯ ವಿಷಯದಲ್ಲಿ ಮಾತ್ರ, ಪರೀಕ್ಷೆ ಪಾಸಾಯಿತು ಎನ್ನುವ ಹಸಿರು ಗುರುತನ್ನು ನಂಬಿ ಕೂರಬಾರದು. ಮಿಷಿಗನ್ನಿನ 2020ರ ಜನಸಂಖ್ಯೆ 1,00,77,331; ಕಾಂಗ್ರೆಸ್ ಸ್ಥಾನ 13; ಹಾಗಾಗಿ ಕ್ಷೇತ್ರಕ್ಕೆ 7,75,179 ಜನ. ಕಾಂಗ್ರೆಸ್ ನಕ್ಷೆಯಲ್ಲಿ ಅತಿ ದೊಡ್ಡ ಮತ್ತು ಅತಿ ಚಿಕ್ಕ ಕ್ಷೇತ್ರಗಳ ಅಂತರ ಶೇ 0.75ರ ಒಳಗಿದ್ದರೆ ಸಾಧನ ಸೈ ಎನ್ನುತ್ತದೆ. ಲೆಕ್ಕ ಹಾಕಿ: ಅದು ಸುಮಾರು 5,800 ಜನ. ಸುಪ್ರೀಂ ಕೋರ್ಟ್ 1983ರಲ್ಲಿ ನ್ಯೂಜೆರ್ಸಿಯ ನಕ್ಷೆಯನ್ನು ತಳ್ಳಿಹಾಕಿದಾಗ ಅದರಲ್ಲಿದ್ದ ಅಂತರ ಶೇ 0.7ಕ್ಕಿಂತ ಕಡಿಮೆ. 2012ರಲ್ಲಿ ವೆಸ್ಟ್ ವರ್ಜೀನಿಯಾದ ಶೇ 0.79ರ ಅಂತರವನ್ನು ಅದೇ ಕೋರ್ಟು ಒಪ್ಪಿತು. ಕೌಂಟಿಗಳನ್ನು ಒಡೆಯಬಾರದು ಎಂಬಂಥ ಕಾರಣಗಳನ್ನು ರಾಜ್ಯ ಕೊಟ್ಟಿತ್ತು. ಅಂದರೆ ಅಂತರ ಎಷ್ಟು ಎನ್ನುವುದರ ಜೊತೆಗೆ ಯಾಕೆ ಎನ್ನುವುದಕ್ಕೂ ಉತ್ತರ ಇರಬೇಕು. ರಾಜ್ಯ ಶಾಸನಸಭೆಗಳಿಗೆ ಒಟ್ಟು ಶೇ 10ರವರೆಗೆ ಸಡಿಲಿಕೆ ಇರುವುದರಿಂದ ಅಲ್ಲಿ ಉಸಿರಾಡಲು ಜಾಗವಿದೆ. ಕಲಿಯುವವರು ಅದರಿಂದಲೇ ಶುರು ಮಾಡುವುದು ಒಳ್ಳೆಯದು.

ಇನ್ನೊಂದು ಮಾತು. 2020ರ ಗಣತಿಯಲ್ಲಿ ಖಾಸಗಿತನ ಕಾಯಲೆಂದು ಬ್ಲಾಕ್ ಮಟ್ಟದ ಸಂಖ್ಯೆಗಳಲ್ಲಿ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸಿದ್ದಾರೆ. ರಾಜ್ಯದ ಒಟ್ಟು ಸಂಖ್ಯೆ ನಿಖರ, ಒಂದೊಂದು ಬ್ಲಾಕಿನದ್ದು ಅಲ್ಲ. ಆದರೂ ಕಾಂಗ್ರೆಸ್ ಕ್ಷೇತ್ರಗಳನ್ನು ಒಬ್ಬ ವ್ಯಕ್ತಿಯ ಮಟ್ಟಿಗೆ ಸಮ ಮಾಡು ಎನ್ನುವವರಿದ್ದಾರೆ. ತೂಕದ ಬಟ್ಟೇ ಅಲುಗಾಡುತ್ತಿರುವಾಗ ಗುಲಗಂಜಿ ತೂಗಿದ ಹಾಗೆ. ಕೈದಿಗಳನ್ನು ಗಣತಿ ಎಣಿಸುವುದು ಜೈಲಿರುವ ಊರಿನಲ್ಲಿ. ಮೇರಿಲ್ಯಾಂಡ್, ನ್ಯೂಯಾರ್ಕ್‌ನಂಥ ರಾಜ್ಯಗಳು ಅವರನ್ನು ಮನೆಯ ವಿಳಾಸಕ್ಕೆ ಸೇರಿಸಿ ತಿದ್ದಿದ ಲೆಕ್ಕವನ್ನೇ ಬಳಸುತ್ತವೆ. ಯಾವ ದತ್ತಾಂಶ ಆಯ್ದಿದ್ದೀರಿ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಇಡೀ ನಕ್ಷೆಯ ಲೆಕ್ಕ ತಪ್ಪುತ್ತದೆ.

ಈಗ ಅಂಕಗಳಿಗೆ ಬರೋಣ. ಮತಕ್ಕೆ ತಕ್ಕ ಸ್ಥಾನ, ಪೈಪೋಟಿ, ಅಲ್ಪಸಂಖ್ಯಾತರ ಪ್ರಾತಿನಿಧ್ಯ, ಆಕಾರದ ಅಡಕತನ, ಕೌಂಟಿ ಒಡೆಯದಿರುವುದು: ಒಂದೊಂದಕ್ಕೂ ಸೊನ್ನೆಯಿಂದ ನೂರು. ಆಕಾರ ಅಳೆಯಲು ಎರಡು ಸೂತ್ರಗಳಿವೆ. ರಿಯಾಕ್ ಎಂಬುದು ಕ್ಷೇತ್ರವನ್ನು ಸುತ್ತುವರಿಯುವ ಅತಿ ಚಿಕ್ಕ ವೃತ್ತದ ಎಷ್ಟು ಪಾಲನ್ನು ಕ್ಷೇತ್ರ ತುಂಬಿದೆ ಎಂದು ನೋಡುತ್ತದೆ. ಪೋಲ್ಸ್‌ಬಿ-ಪಾಪರ್ ಗಡಿಯ ಉದ್ದ ಮತ್ತು ವಿಸ್ತೀರ್ಣವನ್ನು ಹೋಲಿಸುತ್ತದೆ. ಎರಡನೆಯದಕ್ಕೆ ನದಿ, ಕಡಲತೀರ ಆಗಿಬರುವುದಿಲ್ಲ. ದಂಡೆ ಅಂಕುಡೊಂಕಾಗಿದ್ದರೆ ಯಾರ ಕುತಂತ್ರವೂ ಇಲ್ಲದೆಯೇ ಅಂಕ ಇಳಿಯುತ್ತದೆ. ಮಿಷಿಗನ್ನಿನ ಪಟ್ಟಿಯಲ್ಲಿ ಅಡಕತನಕ್ಕೆ ಸಿಕ್ಕಿರುವುದು ಏಳನೆಯ, ಅಂದರೆ ಕೊನೆಯ ಸ್ಥಾನ. ಮೂರನೆಯ ಸ್ಥಾನದಲ್ಲಿರುವುದು ಸಮಾನ ಹಿತಾಸಕ್ತಿಯ ಸಮುದಾಯಗಳನ್ನು ಒಡೆಯಬಾರದು ಎಂಬ ನಿಯಮ. ಐದು ಅಂಕಗಳಲ್ಲಿ ಒಂದೂ ಅದಕ್ಕಿಲ್ಲ! ಅಂಕ ಏರಿಸಲು ಕೂತವರು ಕಾನೂನು ಕೊನೆಗಿಟ್ಟದ್ದನ್ನು ಮೊದಲು ಮಾಡುತ್ತಾರೆ.

ಮತಕ್ಕೆ ತಕ್ಕ ಸ್ಥಾನದ ಅಂಕವೂ ಹಾಗೆಯೇ ದಾರಿ ತಪ್ಪಿಸೀತು. ಮ್ಯಾಸಚೂಸೆಟ್ಸ್‌ನಲ್ಲಿ ಮೂರನೇ ಒಂದರಷ್ಟು ಮತ ರಿಪಬ್ಲಿಕನ್ನರದ್ದು, ಆದರೆ 9 ಕಾಂಗ್ರೆಸ್ ಸ್ಥಾನಗಳಲ್ಲಿ ಒಂದೂ ಅವರದ್ದಲ್ಲ. ಗಡಿಯದ್ದೇ ತಪ್ಪು ಎನ್ನುವ ಹಾಗಿಲ್ಲ. ಅವರ ಮತದಾರರು ರಾಜ್ಯದ ತುಂಬ ಸಮನಾಗಿ ಹರಡಿಕೊಂಡಿದ್ದಾರೆ, ಹೇಗೆ ಕತ್ತರಿಸಿದರೂ ಒಂದು ಕಡೆ ಬಹುಮತ ಕೂಡಿಬರುವುದು ಕಷ್ಟ. ಪ್ರೀಸಿಂಕ್ಟ್ ಒಡೆದಾಗ ಕಾಣುವ ಪಕ್ಷವಾರು ಶೇಕಡಾವಾರು ಕೂಡ ಅಂದಾಜು, ಏಕೆಂದರೆ ಮತ ಎಣಿಕೆ ಬ್ಲಾಕ್‌ವಾರು ಆಗುವುದೇ ಇಲ್ಲ.

ಜನಾಂಗದ ಶೇಕಡಾವಾರು ತೋರಿಸುವ ಬಣ್ಣದ ಪದರವನ್ನು ಎಚ್ಚರದಿಂದ ಬಳಸಿ. ಮಿಷಿಗನ್ ಆಯೋಗವೇ ಇದರಲ್ಲಿ ಎಡವಿತು: ಡೆಟ್ರಾಯಿಟ್ ಸುತ್ತಲಿನ 13 ಶಾಸನಸಭೆ ಕ್ಷೇತ್ರಗಳನ್ನು ಬರೆಯುವಾಗ ಜನಾಂಗವೇ ಮೇಲುಗೈ ಪಡೆದಿತ್ತು ಎಂದು 2023ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಅವನ್ನು ರದ್ದು ಮಾಡಿತು. ಇದೇ ಆಯೋಗ 2021ರಲ್ಲಿ ಬಾಗಿಲು ಮುಚ್ಚಿ ನಡೆಸಿದ ಸಭೆಯ ಧ್ವನಿಮುದ್ರಣ ಮತ್ತು ಟಿಪ್ಪಣಿಗಳನ್ನು ಬಹಿರಂಗಪಡಿಸಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿದ್ದನ್ನೂ ನೆನಪಿಡಿ. ಪಾರದರ್ಶಕತೆ ಆಯೋಗದ ಹೆಸರಿನ ಜೊತೆಗೇ ಬರುವುದಿಲ್ಲ. ಹಾಗಾಗಿ ನಿಮ್ಮ ಮನವಿಯಲ್ಲಿ ಶೇಕಡಾವಾರಿನ ಬದಲು ಊರಿನ ಬದುಕು ಕಾಣಲಿ: ಯಾವ ಶಾಲಾ ಜಿಲ್ಲೆ, ಯಾವ ಬಸ್ಸಿನ ದಾರಿ, ಯಾವ ಕಾರ್ಖಾನೆಯ ಕೆಲಸಗಾರರು, ಯಾವ ಕಾಲುವೆಯ ಪ್ರವಾಹ.

ಇಂಥ ಸಮುದಾಯದ ಗೆರೆ ಎಳೆಯಲು ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡಿಸ್ಟ್ರಿಕ್ಟರ್ ಎಂಬ ಸಾಧನ ಇನ್ನೂ ಸರಳ. ಗುಂಡಿ ಕಡಿಮೆ, ಗೊಂದಲ ಕಡಿಮೆ. ಕಂಪ್ಯೂಟರ್ ಅಷ್ಟಾಗಿ ಮುಟ್ಟದ ಹಿರಿಯರನ್ನು ಕೂರಿಸಿ ‘ನಿಮ್ಮ ಕೇರಿ ಎಲ್ಲಿಂದ ಎಲ್ಲಿಗೆ’ ಎಂದು ಕೇಳಿ ಬರೆಸಬಹುದು. ಇಡೀ ರಾಜ್ಯದ ನಕ್ಷೆಗೆ ಮಾತ್ರ ಡೇವ್ಸ್ ಕಡೆಗೇ ಬನ್ನಿ. ಪಕ್ಷಪಾತದ ಎರಡನೇ ಅಭಿಪ್ರಾಯ ಬೇಕಿದ್ದರೆ ನಕ್ಷೆಯ ಕಡತವನ್ನು ಪ್ಲಾನ್‌ಸ್ಕೋರ್ ಎಂಬ ಜಾಲತಾಣಕ್ಕೆ ಏರಿಸಿ; ಎರಡು ಪಕ್ಷಗಳ ವ್ಯರ್ಥವಾಗುವ ಮತಗಳ ಅಂತರವೂ ಸೇರಿ ನಾಲ್ಕು ಬಗೆಯ ಅಳತೆ ಕೊಡುತ್ತದೆ.

ಕೊನೆಗೆ, ಇಡೀ ಶ್ರಮ ಹಾಳಾಗುವ ಜಾಗ: ಕಡತ ತೆಗೆಯುವುದು, ಅಂದರೆ ನಕ್ಷೆಯನ್ನು ಫೈಲಾಗಿ ಇಳಿಸಿಕೊಳ್ಳುವುದು. ಆಯೋಗಗಳು ಕೇಳುವುದು ಹೆಚ್ಚಾಗಿ ಬ್ಲಾಕ್‌ವಾರು ಸಿಎಸ್‌ವಿ (ಸರಳ ಪಠ್ಯದ ಪಟ್ಟಿ) ಅಥವಾ ಶೇಪ್‌ಫೈಲ್ (ಗಡಿಯ ಆಕಾರಗಳ ಕಡತ). ಸಿಎಸ್‌ವಿಯಲ್ಲಿ ಎರಡೇ ಕಂಬ ಸಾಲು: 15 ಅಂಕಿಗಳ ಬ್ಲಾಕ್ ಸಂಖ್ಯೆ, ಕ್ಷೇತ್ರದ ಸಂಖ್ಯೆ. ಸರಿ ಇದೆಯೋ ನೋಡೋಣ ಎಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದಿರೋ, ಮುಗಿಯಿತು. ಮಿಷಿಗನ್ನಿನ 26ರಿಂದ ಶುರುವಾಗುವ ಸಂಖ್ಯೆಗಳೆಲ್ಲ 2.6ಇ+14ರಂಥ ಹೆಚ್ಚುಕಡಿಮೆ ಒಂದೇ ಮುಖದ ಸಾಲಾಗಿ ಉಳಿಯುತ್ತವೆ, ಮೂಲ ಅಂಕಿ ವಾಪಸು ಬರುವುದಿಲ್ಲ. ಕ್ಯಾಲಿಫೋರ್ನಿಯಾ, ಅಲಬಾಮಾದಂಥ, ಬ್ಲಾಕ್ ಸಂಖ್ಯೆ ಸೊನ್ನೆಯಿಂದ ಶುರುವಾಗುವ ರಾಜ್ಯಗಳಲ್ಲಿ ಮೊದಲ ಸೊನ್ನೆಯೇ ಮಾಯ. ನೋಡಲೇಬೇಕಿದ್ದರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಇಲ್ಲವೇ ಬ್ಲಾಕ್ ಸಂಖ್ಯೆಯ ಕಂಬ ಸಾಲನ್ನು ಪಠ್ಯವೆಂದು ಆಮದು ಮಾಡಿಕೊಳ್ಳಿ.

ಮಿಷಿಗನ್ನಿನಲ್ಲಿ ಕರಡು ನಕ್ಷೆಗೆ ಮುನ್ನ ಕನಿಷ್ಠ 10, ಆಮೇಲೆ ಕನಿಷ್ಠ 5 ಅಹವಾಲು ಸಭೆ ನಡೆಯಬೇಕು. ಮತಕ್ಕೆ ಹಾಕುವ ನಕ್ಷೆಯ ಮೇಲೆ ಅಭಿಪ್ರಾಯ ಹೇಳಲು ಜನರಿಗೆ 45 ದಿನ. ಕರಡಿಗೆ ಮುಂಚಿನ ಸಭೆಗಳಲ್ಲೇ ಸಲ್ಲಿಸಿದರೆ ಬದಲಾವಣೆಗೆ ಎಡೆ ಹೆಚ್ಚು. ಒಂದು ಪುಟದ ವಿವರಣೆ, ಬ್ಲಾಕ್ ಕಡತ, ನೋಡಲು ಮಾತ್ರ ಬರುವ ಲಿಂಕ್, ಇಷ್ಟು ಸಾಕು. ಲಿಂಕ್ ಕೊಡುವ ಮುನ್ನ ನಕ್ಷೆಯ ಒಂದು ನಕಲು ಮಾಡಿ, ಆ ನಕಲಿನ ಲಿಂಕನ್ನೇ ಕೊಡಿ. ಮೂಲದ ಲಿಂಕ್ ಕೊಟ್ಟು ನಾಳೆ ನೀವು ಅದರಲ್ಲಿ ಎರಡು ಬ್ಲಾಕ್ ಸರಿಸಿದರೆ, ಆಯೋಗದವರು ತೆರೆದಾಗ ಕಾಣುವುದು ನೀವು ಸಲ್ಲಿಸಿದ ನಕ್ಷೆ ಆಗಿರುವುದಿಲ್ಲ.