ಆಟ ಬಿದ್ದರೆ ಡೆಸ್ಕ್‌ಟಾಪೂ ಬೀಳಬೇಕೆ? ಲಿನಕ್ಸ್ ಗೇಮಿಂಗ್, ದೀರ್ಘ ಬಳಕೆಯ ನಂತರ

ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ) ಲೆಕ್ಕ ಇಲ್ಲಿ ಸಿಗುವುದಿಲ್ಲ, ಅದರ ಚಾರ್ಟುಗಳು ಎಲ್ಲ ಕಡೆ ಇವೆ. ಎಎಂಡಿ ಕಾರ್ಡ್ ಇದ್ದು ಕರ್ನಲ್ (ಸಿಸ್ಟಮ್‌ನ ತಿರುಳು) ಮತ್ತು ಮೆಸಾ (ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) ಹೊಸದಾಗಿದ್ದರೆ ಹೆಚ್ಚಿನ ಆಟಗಳಲ್ಲಿ ವಿಂಡೋಸ್‌ಗೂ ಲಿನಕ್ಸ್‌ಗೂ ಕೆಲವೇ ಫ್ರೇಮ್‌ಗಳ ವ್ಯತ್ಯಾಸ. ವರ್ಷಗಟ್ಟಲೆ ಬಳಸುವವರಿಗೆ ಮುಖ್ಯವಾಗುವುದು ಬೇರೆ ಎರಡು ಸಂಗತಿ: ಆಟ ಸ್ಟಟರ್ (ನಡುನಡುವೆ ತಡವರಿಸುವುದು) ಇಲ್ಲದೆ ಸಾಗುತ್ತದೆಯೆ, ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟ ದಿನ ಡೆಸ್ಕ್‌ಟಾಪ್ ಉಳಿಯುತ್ತದೆಯೆ. ಮೊದಲನೆಯದರಲ್ಲಿ ಲಿನಕ್ಸ್ ಮನಸ್ಸು ಗೆದ್ದಿದೆ. ಎರಡನೆಯದು ಇಂದಿಗೂ ಸಿಟ್ಟು ಬರಿಸುತ್ತದೆ.

ನಿರೀಕ್ಷೆ ಇಲ್ಲದೆ ಸಿಕ್ಕ ಸಂತೋಷ ಹಳೆಯ ಆಟಗಳದ್ದು. 2018ರ ಆಗಸ್ಟ್‌ನಲ್ಲಿ ಬಂದ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನೊಳಗೆ ಡಿಎಕ್ಸ್‌ವಿಕೆ ಇದೆ. ಅದು ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್3ಡಿಯ ಕರೆಗಳನ್ನು, ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸುತ್ತದೆ. 2024ರ 2.4 ಆವೃತ್ತಿಯಿಂದ ಡೈರೆಕ್ಟ್3ಡಿ 8 ಕೂಡ ಅದರೊಳಗೇ ಸೇರಿತು. ವಿಂಡೋಸ್‌ನಲ್ಲಿ ಆಲ್ಟ್-ಟ್ಯಾಬ್ ಒತ್ತಿದರೆ ಕಪ್ಪು ಪರದೆಯಾಗುತ್ತಿದ್ದ ಎಷ್ಟೋ ಡೈರೆಕ್ಟ್3ಡಿ 9 ಆಟಗಳು ಇಲ್ಲಿ ತಣ್ಣಗೆ ಹಿಂದೆ ಸರಿದು ಮತ್ತೆ ಮುಂದೆ ಬರುತ್ತವೆ. ಮ್ಯಾಕ್ ಕಥೆ ಬೇರೆ. 2019ರ ಕ್ಯಾಟಲೀನಾದಲ್ಲಿ 32 ಬಿಟ್ ಪ್ರೋಗ್ರಾಮ್‌ಗಳನ್ನು ಕೈಬಿಟ್ಟಾಗ ಹಳೆಯ ಆಟಗಳ ದೊಡ್ಡ ರಾಶಿಯೇ ಅಲ್ಲಿ ಸತ್ತಿತು, ವಲ್ಕನ್‌ಗೂ ಅಲ್ಲಿ ನೇರ ಬೆಂಬಲ ಇಲ್ಲ.

ಆಟ ಶುರುವಾಗುವ ಮೊದಲು ಆಟಗಳ ಅಂಗಡಿಯಾದ ಸ್ಟೀಮ್, ವಲ್ಕನ್ ಶೇಡರ್‌ಗಳನ್ನು (ದೃಶ್ಯ ಬಿಡಿಸಲು ಕಾರ್ಡ್ ಓಡಿಸುವ ಪುಟ್ಟ ಪ್ರೋಗ್ರಾಮ್‌ಗಳು) ಸಿದ್ಧಪಡಿಸುವ ಪುಟ್ಟ ಕಿಟಕಿ ತೋರಿಸುತ್ತದೆ. ಮೆಸಾ ಅಥವಾ ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ ಅದು ಮತ್ತೆ ಬರುತ್ತದೆ, ಹಲವರು ರೇಗಿಕೊಂಡು ಸ್ಕಿಪ್ ಒತ್ತುತ್ತಾರೆ. ಡೈರೆಕ್ಟ್3ಡಿ 11 ಆಟಗಳಿಗೆ ಸ್ಕಿಪ್ ಮಾಡಿದರೂ ಈಗ ನಡೆಯುತ್ತದೆ. 2022ರ ಕೊನೆಗೆ ಬಂದ ಡಿಎಕ್ಸ್‌ವಿಕೆ 2.0, ಗ್ರಾಫಿಕ್ಸ್ ಪೈಪ್‌ಲೈನ್ ಲೈಬ್ರರಿ ಎಂಬ ವಲ್ಕನ್ ವಿಸ್ತರಣೆ ಬಳಸಿ ಶೇಡರ್‌ಗಳನ್ನು ಆಟ ಲೋಡ್ ಆಗುವಾಗಲೇ ಕಂಪೈಲ್ ಮಾಡುತ್ತದೆ, ಮೆಸಾ 23.1ರಿಂದ ಎಎಂಡಿಯ ಆರ್‌ಎಡಿವಿ ಡ್ರೈವರ್‌ನಲ್ಲಿ ಆ ವಿಸ್ತರಣೆ ತಾನಾಗಿಯೇ ಆನ್ ಇರುತ್ತದೆ. ಮೂಲೆ ತಿರುಗಿದಾಗ, ಮೊದಲ ಸ್ಫೋಟ ಕಂಡಾಗ ಕ್ಷಣಕಾಲ ಹಿಡಿದು ನಿಲ್ಲುತ್ತಿದ್ದ ಕಾಟ ಇದರಿಂದ ಬಹುಪಾಲು ಹೋಯಿತು. ಹಾಗೆಂದು ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಪ್ರೀ-ಕ್ಯಾಶಿಂಗ್ ಅನ್ನೇ ಆಫ್ ಮಾಡಬೇಡಿ. ಆಟದ ನಡುವಿನ ವಿಡಿಯೊಗಳನ್ನು ಪ್ರೋಟಾನ್ ಓದಬಲ್ಲ ರೂಪಕ್ಕೆ ಬದಲಿಸಿದ ಕಡತಗಳೂ ಅದೇ ದಾರಿಯಲ್ಲಿ ಬರುತ್ತವೆ. ಆಫ್ ಮಾಡಿದರೆ ಕೆಲವು ಆಟಗಳಲ್ಲಿ ಕಥೆಯ ದೃಶ್ಯದ ಬದಲು ಟಿವಿ ಪರೀಕ್ಷೆಯ ಬಣ್ಣದ ಪಟ್ಟಿಗಳು ಕಾಣುತ್ತವೆ, ಜನ ಡ್ರೈವರ್ ಹಾಳಾಯಿತೆಂದು ಹುಡುಕಾಟ ಶುರು ಮಾಡುತ್ತಾರೆ.

ಇನ್ನೊಂದು ನಿತ್ಯದ ಅಭ್ಯಾಸ, ಆಟದ ಮೇಲೆಯೇ ಅಂಕಿಅಂಶ ತೋರಿಸುವ ಮ್ಯಾಂಗೊಹಡ್. ಅದರಲ್ಲಿ ಎಫ್‌ಪಿಎಸ್ ಅಂಕಿಯನ್ನು ಬಿಟ್ಟು ಕೆಳಗಿನ ಫ್ರೇಮ್‌ಟೈಮ್ (ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ) ಗೆರೆ ನೋಡಿ. 144 ಹರ್ಟ್ಜ್ ಪರದೆಗೆ ಒಂದು ಫ್ರೇಮ್‌ನ ಪಾಲು 6.9 ಮಿಲಿಸೆಕೆಂಡ್. ಗೆರೆ ಚಪ್ಪಟೆ ಇದ್ದರೆ 90 ಎಫ್‌ಪಿಎಸ್ ಕೂಡ ಹಿತವಾಗಿರುತ್ತದೆ. ಗೆರೆಯಲ್ಲಿ ಮುಳ್ಳುಗಳೆದ್ದರೆ 140 ಬಂದರೂ ಕಣ್ಣಿಗೆ ಕಿರಿಕಿರಿ. ವಿಆರ್‌ಆರ್ (ಆಟಕ್ಕೆ ತಕ್ಕಂತೆ ತನ್ನ ವೇಗ ಬದಲಿಸುವ) ಪರದೆಯಿದ್ದರೆ ಮ್ಯಾಂಗೊಹಡ್‌ನಲ್ಲೇ ಎಫ್‌ಪಿಎಸ್ ಮಿತಿಯನ್ನು ಪರದೆಯ ವೇಗಕ್ಕಿಂತ ಮೂರ್ನಾಲ್ಕು ಕಡಿಮೆ ಇಡಿ. ಎರಡು ಪರದೆ ಇಟ್ಟವರು, ಪರದೆಗೆ ಚಿತ್ರ ತಲುಪಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಬಿಟ್ಟು ಹೊಸದಾದ ವೇಲ್ಯಾಂಡ್‌ಗೆ ಹೋಗುವುದೇ ವಾಸಿ, ಬೇರೆ ಬೇರೆ ವೇಗದ ಪರದೆಗಳನ್ನು ಎಕ್ಸ್11 ಸರಿಯಾಗಿ ಸಂಭಾಳಿಸುವುದಿಲ್ಲ.

ಇಷ್ಟೆಲ್ಲ ಚೆನ್ನಾಗಿರುವಾಗ ಒಂದು ದೋಷ ಎಲ್ಲವನ್ನೂ ಮರೆಸಿಬಿಡುತ್ತದೆ.

ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಹ್ಯಾಂಗ್ ಆಗುವುದು ಯಾವ ಸಿಸ್ಟಮ್‌ನಲ್ಲೂ ಉಂಟು. ವಿಂಡೋಸ್‌ನಲ್ಲಿ ವಿಸ್ಟಾ ಕಾಲದಿಂದಲೂ ಟಿಡಿಆರ್ ಇದೆ: ಕೊಟ್ಟ ಕೆಲಸಕ್ಕೆ ಕಾರ್ಡ್ 2 ಸೆಕೆಂಡಿನೊಳಗೆ ಓಗೊಡದಿದ್ದರೆ ಅದು ಡ್ರೈವರನ್ನು ರಿಸೆಟ್ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ, ಆಟ ಹೋಗುತ್ತದೆ, ಪಕ್ಕದಲ್ಲಿ ತೆರೆದಿಟ್ಟ ಕಡತ ಸಾಮಾನ್ಯವಾಗಿ ಇದ್ದ ಹಾಗೇ ಉಳಿಯುತ್ತದೆ. ಲಿನಕ್ಸ್‌ನ ಎಎಂಡಿಜಿಪಿಯು ಡ್ರೈವರ್ ಕೂಡ ಕಾರ್ಡನ್ನು ರಿಸೆಟ್ ಮಾಡುತ್ತದೆ. ತೊಂದರೆ ಆಮೇಲಿನದು. ಪೂರ್ತಿ ರಿಸೆಟ್ ಆದಾಗ ವಿಡಿಯೊ ಮೆಮೊರಿಯಲ್ಲಿದ್ದದ್ದು ಕಳೆದುಹೋಗುತ್ತದೆ, ಆಟದ್ದಷ್ಟೇ ಅಲ್ಲ, ಡೆಸ್ಕ್‌ಟಾಪ್ ಬಿಡಿಸುವ ಕಂಪೋಸಿಟರ್‌ನದ್ದೂ. ಅದನ್ನೆಲ್ಲ ಮೊದಲಿನಿಂದ ಕಟ್ಟಿಕೊಳ್ಳಲು ಕಂಪೋಸಿಟರ್‌ಗೆ ಗೊತ್ತಿರಬೇಕು. ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ 6ರ ಕಂಪೋಸಿಟರ್ ಕೆವಿನ್‌ಗೆ (KWin) ಆ ವಿದ್ಯೆ ಬರುತ್ತದೆ. ಬಾರದ ಕಡೆ, ವೇಲ್ಯಾಂಡ್‌ನಲ್ಲಿ ಕಂಪೋಸಿಟರೇ ಡಿಸ್‌ಪ್ಲೇ ಸರ್ವರ್ ಆದ್ದರಿಂದ, ಅದು ಬಿದ್ದರೆ ತೆರೆದ ಪ್ರೋಗ್ರಾಮ್‌ಗಳೂ ಜೊತೆಗೇ ಬೀಳುತ್ತವೆ. ಕಣ್ಣೆದುರು ಲಾಗಿನ್ ಪರದೆ, ಉಳಿಸದ ಕೆಲಸವೆಲ್ಲ ಮಾಯ. ಒಂದು ಆಟದ ತಪ್ಪಿಗೆ ಇಡೀ ಮೇಜು ಗುಡಿಸಿ ಹಾಕುವ ಈ ರೀತಿಯನ್ನು ಸ್ಥಿರತೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿಯುವ ಮುನ್ನ ಬೇರೆ ಯಂತ್ರದಿಂದಲೋ ಮೊಬೈಲಿನಿಂದಲೋ ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ) ನೋಡಿ. ಒಳಗೆ ಹೋಗಲು ಬಂದರೆ ಕರ್ನಲ್ ಬದುಕಿದೆ, ಪರದೆ ಮಾತ್ರ ಸತ್ತಿದೆ. ಆಟದ ಪ್ರೊಸೆಸ್ ಕೊಂದು ನೆಟ್ಟಗೆ ರೀಬೂಟ್ ಮಾಡಬಹುದು. ಎಸ್‌ಎಸ್‌ಎಚ್ ಸರ್ವರನ್ನು ಮೊದಲೇ ಆನ್ ಮಾಡಿಟ್ಟಿರಬೇಕು ಅಷ್ಟೇ. ಅದೂ ಆಗದಿದ್ದರೆ, ಕರ್ನಲ್‌ನಿಂದಲೇ ಸುರಕ್ಷಿತ ರೀಬೂಟ್ ಮಾಡಿಸಲು, ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ (ಪ್ರಿಂಟ್ ಸ್ಕ್ರೀನ್ ಕೀ) ಹಿಡಿದುಕೊಂಡು ಆರ್, ಇ, ಐ, ಎಸ್, ಯು, ಬಿ ಅಕ್ಷರಗಳನ್ನು ನಿಧಾನವಾಗಿ ಒಂದೊಂದೇ ಒತ್ತಿ. ಉಬುಂಟುವಿನಲ್ಲಿ ಈ ಸೌಲಭ್ಯದ ಮೂಲ ಮೌಲ್ಯ 176, ಅಂದರೆ ಕೊನೆಯ ಮೂರು ಅಕ್ಷರಗಳಷ್ಟೇ ಕೆಲಸ ಮಾಡುತ್ತವೆ. ಮೌಲ್ಯ 16 ಇರುವ ಕಡೆ ಎಸ್ ಒಂದೇ. ಎಲ್ಲವೂ ಬೇಕಾದರೆ, ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ ಅದನ್ನು 1 ಮಾಡಿ.

ಮತ್ತೆ ಬೂಟ್ ಆದ ಮೇಲೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ತೆಗೆಯಿರಿ. ಎಎಂಡಿಯಲ್ಲಿ ‘ರಿಂಗ್ ಜಿಎಫ್‌ಎಕ್ಸ್ ಟೈಮೌಟ್’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಮೇಲಿನ ಸಾಲುಗಳನ್ನು ಓದಿ. ಪೇಜ್ ಫಾಲ್ಟ್ (ತಪ್ಪು ಮೆಮೊರಿ ವಿಳಾಸ ಮುಟ್ಟಿದ) ಸಾಲುಗಳಿದ್ದು, ಪ್ರತಿ ಸಲವೂ ಒಂದೇ ಆಟದಲ್ಲಿ ಬರುತ್ತಿದ್ದರೆ ಗುಮಾನಿ ಡ್ರೈವರ್ ಅಥವಾ ಡಿಎಕ್ಸ್‌ವಿಕೆಯಂಥ ಅನುವಾದ ಪದರದ ಮೇಲೆ. ಮೆಸಾ ಅಥವಾ ಪ್ರೋಟಾನ್ ಆವೃತ್ತಿ ಬದಲಿಸಿ. ಯಾವ ಆಟವೆಂದಿಲ್ಲದೆ ಎಲ್ಲದರಲ್ಲೂ ಹ್ಯಾಂಗ್ ಆದರೆ ಮೊದಲು ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ್ದು) ತೆಗೆಯಿರಿ, ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ, ಪವರ್ ಕೇಬಲ್ ನೋಡಿ. ಎನ್‌ವಿಡಿಯಾದಲ್ಲಿ ಲಾಗ್‌ನಲ್ಲಿ ಬರುವ ಎಕ್ಸ್‌ಐಡಿ ಎಂಬ ದೋಷ ಸಂಖ್ಯೆ ದಾರಿ ತೋರಿಸುತ್ತದೆ: 31 ಎಂದರೆ ಮೆಮೊರಿ ಪೇಜ್ ಫಾಲ್ಟ್, ಸಾಮಾನ್ಯವಾಗಿ ಸಾಫ್ಟ್‌ವೇರ್ ಕಡೆಯದು, 79 ಎಂದರೆ ಕಾರ್ಡ್ ಪಿಸಿಐ ಬಸ್‌ನಿಂದಲೇ ಕಳಚಿಹೋಗಿದೆ, ವಿದ್ಯುತ್ ಪೂರೈಕೆ, ಸ್ಲಾಟ್, ಬಿಸಿ ಇವನ್ನು ಪರೀಕ್ಷಿಸಬೇಕು.

ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ ಪರಿಸ್ಥಿತಿ 2024ರಲ್ಲಿ ತಿರುಗಿತು. ವೇಲ್ಯಾಂಡ್‌ನಲ್ಲಿ ಹಳೆಯ ಫ್ರೇಮ್ ಮತ್ತೆ ಮಿನುಗಿ ಮರೆಯಾಗುವ ಕಾಟಕ್ಕೆ ಮದ್ದು ಎಕ್ಸ್‌ಪ್ಲಿಸಿಟ್ ಸಿಂಕ್ (ಫ್ರೇಮ್ ಸಿದ್ಧವಾಯಿತೆಂದು ಸ್ಪಷ್ಟವಾಗಿ ತಿಳಿಸುವ ವಿಧಾನ). ಅದಕ್ಕೆ 555 ಅಥವಾ ಮುಂದಿನ ಡ್ರೈವರ್, ಎಕ್ಸ್‌ವೇಲ್ಯಾಂಡ್ 24.1 (ವೇಲ್ಯಾಂಡ್‌ನಲ್ಲಿ ಎಕ್ಸ್11 ಪ್ರೋಗ್ರಾಮ್‌ಗಳನ್ನು ಓಡಿಸುವಂಥದ್ದು), ಡೆಸ್ಕ್‌ಟಾಪ್ ಪ್ಲಾಸ್ಮಾ 6.1 ಅಥವಾ ಗ್ನೋಮ್ 46.1 ಬೇಕು. ಮೂರರಲ್ಲಿ ಒಂದು ಹಳೆಯದಾಗಿದ್ದರೂ ಮಿನುಗು ಉಳಿಯುತ್ತದೆ. ಸಸ್ಪೆಂಡ್‌ನಿಂದ ಎದ್ದಾಗ ಅಕ್ಷರಗಳು ಕಲಸಿಹೋದರೆ, ವಿಡಿಯೊ ಮೆಮೊರಿ ಉಳಿಸಿಕೊಳ್ಳುವ ಮಾಡ್ಯೂಲ್ ಆಯ್ಕೆಯನ್ನೂ ಎನ್‌ವಿಡಿಯಾದ ಸಸ್ಪೆಂಡ್, ರೆಸ್ಯೂಮ್ ಸೇವೆಗಳನ್ನೂ ಆನ್ ಮಾಡಿ.

ಕೊಳ್ಳುವ ಮೊದಲು ತಿಳಿದಿರಬೇಕಾದ್ದು ಎಚ್‌ಡಿಎಂಐ ವಿಚಾರ. ಎಎಂಡಿಯ ಮುಕ್ತ ಡ್ರೈವರ್‌ಗೆ ಎಚ್‌ಡಿಎಂಐ 2.1 (ಹೆಚ್ಚು ರೆಸಲ್ಯೂಶನ್, ಹೆಚ್ಚು ವೇಗದ ಪರದೆಗಳಿಗೆ ಬೇಕಾದದ್ದು) ಸೇರಿಸುವ ಪ್ರಸ್ತಾವವನ್ನು ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂಬುದು 2024ರ ಫೆಬ್ರುವರಿಯಲ್ಲಿ ಹೊರಬಂತು. ಹಾಗಾಗಿ ಪರದೆಯಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿರುವ ಆಟಗಳನ್ನೇ ಪ್ರೋಟಾನ್‌ನಿಂದ ಓಡಿಸುವ ಆಸೆಯೂ ಬೇಡ. ಪ್ರತಿ ಆಟಕ್ಕೆ ಪ್ರೋಟಾನ್ ಕಟ್ಟುವ ಫೋಲ್ಡರ್‌ನಲ್ಲಿ ‘ಸಿ’ ಅಕ್ಷರದ ನಂತರ ಕೋಲನ್ ಇರುವ ಲಿಂಕ್ ಇರುತ್ತದೆ, ವಿಂಡೋಸ್ ಆ ಹೆಸರನ್ನು ಒಪ್ಪುವುದಿಲ್ಲ. ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳಾದ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್‌ಗೆ ಆಟ ಸ್ಥಳಾಂತರಿಸಿ.

ಆಂಟಿ-ಚೀಟ್ (ಮೋಸದಾಟ ತಡೆಯುವ ಪ್ರೋಗ್ರಾಮ್) ಇರುವ ಆನ್‌ಲೈನ್ ಆಟಗಳೇ ನಿಮ್ಮ ಜೀವಾಳವಾಗಿದ್ದರೆ ವಿಂಡೋಸ್ ಉಳಿಸಿಕೊಳ್ಳಿ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಅವಕಾಶ ಕೊಟ್ಟಿವೆ, ಆದರೆ ಆನ್ ಮಾಡುವುದು ಬಿಡುವುದು ಆಟ ತಯಾರಿಸಿದವರ ಇಷ್ಟ. ಫೋರ್ಟ್‌ನೈಟ್ ಆನ್ ಮಾಡಲೇ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಕೆಲ ಕಾಲ ಚೆನ್ನಾಗಿ ನಡೆದು 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ಗೆ ಬಾಗಿಲು ಮುಚ್ಚಿತು. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್‌ನೊಳಗೇ ಕೂರುವಂಥದ್ದು, ಪ್ರೋಟಾನ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ.

ಹ್ಯಾಂಗ್ ಕಾಟವಿದ್ದೂ ಲಿನಕ್ಸ್ ಬಿಡದಿರಲು ಕಾರಣ ಹಿಂದಕ್ಕೆ ಹೋಗುವ ಸುಲಭ. ಹೊಸ ಕರ್ನಲ್ ಕಾಟ ಕೊಟ್ಟರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರಾಯಿತು. ಫೆಡೋರಾ ಮೂರು ಕರ್ನಲ್‌ಗಳನ್ನು ಇಟ್ಟಿರುತ್ತದೆ. ಆರ್ಚ್‌ನಲ್ಲಿ ನೀವು ಕ್ಯಾಶ್ ಖಾಲಿ ಮಾಡಿರದಿದ್ದರೆ ಹಿಂದಿನ ಮೆಸಾ ಪ್ಯಾಕೇಜ್ ಅಲ್ಲೇ ಇರುತ್ತದೆ. ಸ್ಟೀಮ್ ಅನ್ನು ಫ್ಲಾಟ್‌ಪ್ಯಾಕ್‌ನಿಂದ (ಸಿಸ್ಟಮ್‌ನಿಂದ ಬೇರೆಯಾಗಿ ಇರುವ ಪ್ಯಾಕೇಜ್) ಹಾಕಿಕೊಂಡವರು ಒಂದು ಗಮನಿಸಬೇಕು: ಅದು ಸಿಸ್ಟಮ್‌ನ ಮೆಸಾ ಬಿಟ್ಟು ತನ್ನ ರನ್‌ಟೈಮ್‌ನ ಮೆಸಾ ಬಳಸುತ್ತದೆ, ಆದ್ದರಿಂದ ಸಿಸ್ಟಮ್‌ನಲ್ಲಿ ಮೆಸಾ ಏರಿಸಿದರೂ ಇಳಿಸಿದರೂ ಆಟಕ್ಕೆ ಗೊತ್ತಾಗುವುದಿಲ್ಲ. ಎನ್‌ವಿಡಿಯಾ ಆದರೆ ಫ್ಲಾಟ್‌ಪ್ಯಾಕ್‌ನೊಳಗಿನ ಡ್ರೈವರ್ ಆವೃತ್ತಿ ಕರ್ನಲ್ ಮಾಡ್ಯೂಲ್ ಆವೃತ್ತಿಗೆ ಅಂಕಿ ಅಂಕಿಯೂ ಹೊಂದಬೇಕು. ಡ್ರೈವರ್ ಅಪ್‌ಡೇಟ್ ಆದ ಬೆನ್ನಿಗೇ ಫ್ಲಾಟ್‌ಪ್ಯಾಕ್ ಅಪ್‌ಡೇಟ್ ಮಾಡಿ, ಆಮೇಲೆ ರೀಬೂಟ್ ಮಾಡಿ.